ಹೊಂಗೆಯ ನೆರಳು ಇಳಿದ ಭಾನುವಾರ

ನಮ್ಮೂರಿನಲ್ಲಿ ಮರ ಕಡಿದರೆ ಮರ ಹೋಗುತ್ತದೆ, ನೆರಳು ಹೋಗುವುದಿಲ್ಲ. ಬುಡ ಕಿತ್ತರೂ, ಬೇರು ಸುಟ್ಟರೂ, ಮೇಲೆ ಗಾರೆ ಬಳಿದರೂ ನೆರಳು ತನ್ನ ಜಾಗದಲ್ಲಿ ತಾನು ಬೀಳುತ್ತಲೇ ಇರುತ್ತದೆ. ಬೆಳಿಗ್ಗೆ ಪಡುವಣಕ್ಕೆ ಚಾಚುತ್ತದೆ, ನಡುಮಧ್ಯಾಹ್ನ ಮುದುಡಿಕೊಳ್ಳುತ್ತದೆ, ಸಂಜೆ ಮೂಡಣಕ್ಕೆ ಉದ್ದವಾಗುತ್ತದೆ. ಎಲೆ ಉದುರುವ ಕಾಲಕ್ಕೆ ತೆಳ್ಳಗಾಗಿ, ಚಿಗುರುವ ಕಾಲಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಬೇರೆ ಊರಿನವರು ಬಂದರೆ ತಲೆ ಎತ್ತಿ ಮೇಲೆ ನೋಡುತ್ತಾರೆ. ನಾವು ನೋಡುವುದಿಲ್ಲ. ಚಾಪೆ ಹಾಸಿ ಕೂತುಕೊಳ್ಳುತ್ತೇವೆ.

ಬಸ್ ನಿಲ್ದಾಣದ ಟೀ ಅಂಗಡಿ ನಲವತ್ತು ವರ್ಷದಿಂದ ಇಲ್ಲದ ಮಾವಿನ ಮರದ ಕೆಳಗೆ ನಡೆಯುತ್ತಿದೆ. ಆಲದ ಮರ ಕಡಿಸಿ ಮನೆ ಕಟ್ಟಿಸಿಕೊಂಡ ವಕೀಲರ ನಡುಮನೆಯಲ್ಲಿ ಹಗಲೆಲ್ಲಾ ದೀಪ ಉರಿಯುತ್ತದೆ. ಅವರ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ಹುಡುಗಿಯ ಬಣ್ಣ ತಿಳಿಯುತ್ತಿಲ್ಲ, ಸ್ವಲ್ಪ ರಸ್ತೆಗೆ ಕರೆತನ್ನಿ ಎಂದಿದ್ದರು. ಹಪ್ಪಳ ಒಣಹಾಕುವ ಹೆಂಗಸರಿಗೆ ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ಯಾವ ಮರದ ನೆರಳು ಬರುತ್ತದೆಂದು ಬಾಯಿಪಾಠ. ಒಂದೊಂದು ನೆರಳಿಗೂ ಅದರದೇ ಜನ. ಚಪ್ಪಲಿ ಹೊಲಿಯುವವರದು ಬೇವು, ಹೂ ಕಟ್ಟುವವರದು ಅರಳಿ. ಒಬ್ಬರ ನೆರಳಿಗೆ ಇನ್ನೊಬ್ಬರು ಹೋಗುವಂತಿಲ್ಲ.

ನಮ್ಮದು ಹೊಂಗೆ. ನಮ್ಮದು ಎಂದರೆ ನನ್ನದು, ನನ್ನ ನಾದಿನಿ ತಿಪ್ಪಮ್ಮನದು. ನಾವಿಬ್ಬರೂ ಎಲೆ ಹಚ್ಚುವವರು. ಮುತ್ತುಗದ ಎಲೆ ತಂದು, ಒಂದಕ್ಕೊಂದು ಜೋಡಿಸಿ, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ ಊಟದೆಲೆ ಮಾಡುತ್ತೇವೆ. ಮದುವೆಗೆ, ತಿಥಿಗೆ, ಗೃಹಪ್ರವೇಶಕ್ಕೆ ಊರೆಲ್ಲ ನಮ್ಮ ಎಲೆಯಲ್ಲೇ ಉಂಡಿದೆ. ಈ ಕೆಲಸಕ್ಕೆ ಬೇಕಾದದ್ದು ಎರಡೇ, ಕೈ ಮತ್ತು ನೆರಳು. ಹಸಿ ಎಲೆ ಹತ್ತು ನಿಮಿಷ ಬಿಸಿಲಿಗೆ ಬಿತ್ತೆಂದರೆ ಅಂಚು ಸುರುಳಿಯಾಗುತ್ತದೆ, ಕಡ್ಡಿ ತಾಗಿಸಿದರೆ ಸೀಳುತ್ತದೆ. ಮನೆಯಲ್ಲಿ ಕೂತು ಹಚ್ಚೋಣವೆಂದರೆ ನಮ್ಮದು ತಗಡಿನ ಸೂರಿನ ಒಂದೇ ಕೋಣೆ. ಬೇಸಿಗೆಯಲ್ಲಿ ಅದು ಮನೆಯಲ್ಲ, ಕಾವಲಿ.

ಆ ಹೊಂಗೆಯನ್ನು ನೆಟ್ಟವಳು ನಮ್ಮತ್ತೆ ಗಾದ್ರಮ್ಮ. ನಾನು ಸೊಸೆಯಾಗಿ ಬಂದಾಗ ಮರ ನನ್ನ ಎತ್ತರ ಇತ್ತು, ತಿಪ್ಪಮ್ಮ ನಮ್ಮತ್ತೆಯ ಸೊಂಟದ ಮೇಲಿದ್ದಳು. ಆಗ ಅದು ಬಯಲು. ಆಮೇಲೆ ಬಯಲು ಸೈಟಾಯಿತು, ಸೈಟು ಸಾಮಿಲ್ ಜಯದೇವಪ್ಪನದಾಯಿತು. ಮರ ಕೊಯ್ಯುವ ಸಾಮಿಲ್ಲಿನಲ್ಲಿ ಬೆಳೆದ ಆತ ಮನೆ ಕಟ್ಟಿಸಿ, ಅದಕ್ಕೆ ‘ವನಸಿರಿ’ ಎಂದು ಹೆಸರಿಟ್ಟು, ಹೂವು ಉದುರಿ ಕಾರು ಕೊಳೆಯಾಗುತ್ತದೆಂದು ಹೊಂಗೆಯನ್ನು ಕಡಿಸಿದ. ಬುಡ ಅವರ ಗೇಟಿನಿಂದ ನಾಲ್ಕು ಮೊಳ ಒಳಗೆ ಉಳಿಯಿತು. ಮರ ಬಿದ್ದ ದಿನ ತಿಪ್ಪಮ್ಮ ಬೀದಿಯಲ್ಲಿ ಕೂತು, ಹೆತ್ತವ್ವ ಸತ್ತಾಗ ಅತ್ತಷ್ಟೇ ಅತ್ತಳು. ಮಾರನೆಯ ದಿನ ಚಾಪೆ ಹಿಡಿದು ಹೋದರೆ ನೆರಳು ಇದ್ದಲ್ಲೇ ಇತ್ತು, ಗೇಟಿನ ಸರಳು ದಾಟಿ ರಸ್ತೆಯ ಅಂಚಿಗೆ, ಅವರ ಅಂಗಳಕ್ಕೆಲ್ಲ, ಯಾವತ್ತಿನ ಹಾಗೆ. ತಿಪ್ಪಮ್ಮ ಕಣ್ಣೊರೆಸಿಕೊಂಡು ಎಲೆಯ ಗಂಟು ಬಿಚ್ಚಿದಳು. ಹನ್ನೆರಡು ವರ್ಷ ಹಾಗೇ ನಡೆಯಿತು.

ನೆರಳಿಗೆ ಒಂದೇ ಒಂದು ಗಂಡಾಂತರ. ಕಡಿದ ಮರದ ಜಾಗದಲ್ಲೇ ಅದೇ ಜಾತಿಯ ಸಸಿ ನೆಟ್ಟು ಮೊದಲ ನೀರು ಎರೆದರೆ, ಹಳೆಯ ನೆರಳು ಸಸಿಯೊಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಸಸಿ ಎಷ್ಟಿದೆಯೋ ನೆರಳೂ ಅಷ್ಟೇ. ಸಸಿ ಬೆಳೆದರೆ ನೆರಳು ಬೆಳೆಯುತ್ತದೆ, ಸಸಿ ಸತ್ತರೆ ನೆರಳೂ ಸತ್ತಂತೆ, ಮತ್ತೆ ಬರುವುದಿಲ್ಲ. ಇಳಿದು ಬೆಳೆದದ್ದನ್ನೂ ನೋಡಿದ್ದೇನೆ, ಇಳಿದು ಸತ್ತದ್ದನ್ನೂ ನೋಡಿದ್ದೇನೆ. ಶಾಲೆಯ ಅಂಗಳದ ಹುಣಸೆಯ ಜಾಗದಲ್ಲಿ ಯಾವನೋ ದೊಡ್ಡ ಮನುಷ್ಯ ಬಂದು ಹುಣಸೆ ಸಸಿ ನೆಟ್ಟು, ಹಾರ ಹಾಕಿಸಿಕೊಂಡು ಹೋದ. ತಿಂಗಳೊಳಗೆ ಅದು ಒಣಗಿತು. ಅವತ್ತಿನಿಂದ ಇವತ್ತಿನ ತನಕ ಮಕ್ಕಳು ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲುತ್ತವೆ. ಅದಕ್ಕೇ ನಮ್ಮತ್ತೆ ನನಗೆ ಹೇಳುತ್ತಿದ್ದಳು: "ಸಸಿ ನೆಡೋದು ಹಡೆದಂಗೆ ಕಣೆ ಪಾಲಿ. ಸಾಕೋ ಹಂಗಿದ್ರೆ ಹಡಿ."

ಆ ವರ್ಷ ಯುಗಾದಿ ಕಳೆದ ಮೇಲೆ ಪುರಸಭೆಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಮನೆಮನೆ ಪ್ರಕೃತಿ ವಾರ. ಸೋಮವಾರದಿಂದ ಭಾನುವಾರದವರೆಗೆ ಮನೆಮಂದಿಯೆಲ್ಲ ಸೇರಿ, ಮನೆಯಲ್ಲೇ, ದಿನಕ್ಕೊಂದು ಚಟುವಟಿಕೆಯಿಂದ ಪ್ರಕೃತಿಯನ್ನು ಸಂಭ್ರಮಿಸಬೇಕು. ಗೆದ್ದವರಿಗೆ ‘ಹಸಿರು ಕುಟುಂಬ’ ಎಂಬ ಬೋರ್ಡು, ಮೇಲೆ ಕಾಡಿನ ನಡುವಿನ ರೆಸಾರ್ಟಿನಲ್ಲಿ ಬಿಟ್ಟಿ ವಾಸ.

"ಪ್ರಕೃತಿಗೆ ಒಂದು ವಾರ ಅಂತೆ ಕಣತ್ತಿಗೆ," ಎಂದಳು ತಿಪ್ಪಮ್ಮ ಕಡ್ಡಿ ಕಚ್ಚಿಕೊಂಡು. "ಮಿಕ್ಕಿದ ಐವತ್ತೊಂದು ವಾರ ಸಾಮಿಲ್ಲಿಗೆ."

ಜಯದೇವಪ್ಪನ ಹೆಂಡತಿ ವಿನುತಾ ಬೇರೆ ಊರಿನವರು. ಮಾತು ಮೃದು, ಮೈಮೇಲೆ ಹಸಿರು ಸೀರೆ, ಕೈಯಲ್ಲಿ ಸದಾ ಫೋನು. ಸೋಮವಾರ ಬೆಳಿಗ್ಗೆಯೇ ಗೇಟಿಗೆ ಬಂದು, "ಅಜ್ಜಿ, ಒಂದು ಮೂಟೆ ಎಲೆ ಕೊಡ್ತೀರಾ? ಇವತ್ತು ನಮ್ಮದು ಎಲೆಗಳ ಜೊತೆ ಒಂದು ದಿನ," ಎಂದರು. ಕೊಟ್ಟೆವು. ಅಂಗಳದಲ್ಲಿ ಕೂತು ಆ ಎಲೆಗಳಿಗೆಲ್ಲ ಚಿನ್ನದ ಬಣ್ಣ ಬಳಿದು, ಗೋಡೆಗೆ ಅಂಟಿಸಿ, ಅದರ ಮುಂದೆ ಗಂಡ, ಹೆಂಡತಿ, ಮಗಳು ಮೂವರೂ ನಿಂತು ನಕ್ಕರು. ಸಂಜೆಗೆ ಎಲ್ಲವನ್ನೂ ಕಿತ್ತು ತಂದು ನಮ್ಮ ಚಾಪೆಯ ಪಕ್ಕ ಸುರಿದರು. ಹಸು ಮೂಸಿ ನೋಡಿ ಮುಂದೆ ಹೋಯಿತು.

ಮಂಗಳವಾರ ಹಕ್ಕಿಗೆ ನೀರು. ಮಣ್ಣಿನ ಬಟ್ಟಲಿಗೆ ಹೂವಿನ ಚಿತ್ರ ಬರೆದು ಕಾಂಪೌಂಡಿನ ಮೇಲೆ ಇಟ್ಟರು. ಅದು ಅವರ ಬೆಕ್ಕು ಮಲಗುವ ಜಾಗ. ತಿಪ್ಪಮ್ಮ ಕತ್ತು ಎತ್ತಿ ನೋಡಿ, "ಬೆಕ್ಕಿಗೆ ಎಲೆ ಹಾಕಿ ಬಡಿಸ್ದಂಗೈತೆ," ಎಂದಳು. ಬುಧವಾರ ಮಣ್ಣಿನ ಜೊತೆ ಆಟ. ಅಂಗಳಕ್ಕೆಲ್ಲ ನುಣ್ಣನೆಯ ಕಲ್ಲು ಹಾಸಿದ ಮನೆಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಪೇಟೆಯಿಂದ ಚೀಲದಲ್ಲಿ ತರಿಸಿದರು. ಮಗಳು ಇಂಚರ, ಒಂಬತ್ತು ವರ್ಷದ ಹುಡುಗಿ, ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಅದರಲ್ಲಿ ಉಂಡೆ ಕಟ್ಟಿದಳು.

"ಏನೇ ಮಗಾ, ಕೈಗೆ ಏನಾಗೈತೆ?" ಎಂದು ತಿಪ್ಪಮ್ಮ ಗೇಟಿನಾಚೆಯಿಂದ ಕೇಳಿದಳು.

"ಏನೂ ಆಗಿಲ್ಲ ಅಜ್ಜಿ. ಮಣ್ಣು ಆಗುತ್ತೆ ಅಂತ."

"ಮಣ್ಣು ಮುಟ್ಟಿದ್ರೆ ಇನ್ನೇನಾಗುತ್ತೆ, ಬಂಗಾರವಾ?"

ಹುಡುಗಿ ನಕ್ಕಳು. ಒಳಗಿನಿಂದ ಅವಳ ತಾಯಿ ಕರೆದರು.

ಗುರುವಾರ ನನ್ನ ಸರದಿ. ಅವತ್ತಿನ ಚಟುವಟಿಕೆ ‘ಹಿರಿಯರಿಂದ ಮರದ ಕಥೆ’. ಅವರ ಹಿರಿಯರು ಇಂಥದ್ದಕ್ಕೆ ಒಪ್ಪಲಿಲ್ಲವೋ, ಕಥೆ ಬಾರದೋ, ನನ್ನನ್ನು ಒಳಗೆ ಕರೆದು, ಹೆಗಲಿಗೆ ಒಂದು ಹಸಿರು ಶಾಲು ಹೊದಿಸಿ, ಸಾಗುವಾನಿಯ ಉಯ್ಯಾಲೆಯ ಮೇಲೆ ಕೂರಿಸಿದರು. ಹನ್ನೆರಡು ವರ್ಷದಲ್ಲಿ ನಾನು ಆ ಗೇಟಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕಲ್ಲುಹಾಸಿನ ನಡುವೆ, ನಮ್ಮ ಹೊಂಗೆಯ ಬುಡ ಇದ್ದಲ್ಲಿ ಮಾತ್ರ ಒಂದು ಮೊರದಷ್ಟು ಜಾಗ ಬಿಟ್ಟು ಬಿಳಿ ಕಲ್ಲು ತುಂಬಿದ್ದರು. ಬೇರು ಕೊಳೆತು ಕುಸಿದೀತೆಂದು ಹಾಸು ಹಾಕಿರಲಿಲ್ಲವಂತೆ. ಇಡೀ ಅಂಗಳದಲ್ಲಿ ನೆಲವೆಂಬುದು ಉಳಿದದ್ದು ಅಷ್ಟೇ.

ವಿನುತಾ ಫೋನು ಹಿಡಿದರು. "ಅಜ್ಜಿ, ಇಲ್ಲಿ ನೋಡ್ಕೊಂಡು ಹೇಳಿ. ನಿಮ್ಮ ಕಾಲದಲ್ಲಿ ಮರಗಳು ಹೇಗಿದ್ವು?"

"ನಿಂತಿದ್ವು," ಎಂದೆ.

ಅವರು ಫೋನು ಇಳಿಸಿದರು. "ಹಾಗಲ್ಲ ಅಜ್ಜಿ. ಸ್ವಲ್ಪ ಭಾವನೆ ತುಂಬಿ. ಮರ ನಮ್ಮ ತಾಯಿ ಇದ್ದ ಹಾಗೆ, ಅನ್ನೋ ತರ."

"ತಾಯಿ, ಇಲ್ಲಿದ್ದ ಮರ ನೆಟ್ಟೋಳು ನಮ್ಮತ್ತೆ. ಕಡಿಸ್ದೋರು ನಿಮ್ಮ ಯಜಮಾನ್ರು."

ಇಂಚರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ವಿನುತಾ ನನ್ನ ಶಾಲು ಸರಿಮಾಡಿ, "ಪರವಾಗಿಲ್ಲ, ನೀವು ಸುಮ್ನೆ ನಗ್ತಾ ಕೂತಿರಿ, ಮಾತು ನಾನು ಆಮೇಲೆ ಸೇರಿಸ್ತೀನಿ," ಎಂದರು. ನಗಲು ನನಗೆ ಬರಲಿಲ್ಲ. ಆದರೂ ಒಳಗೆ ಬಂದದ್ದು ಬಂದೆ, ಕೇಳಬೇಕಾದ್ದನ್ನು ಕೇಳಿದೆ: "ಭಾನುವಾರ ಸಸಿ ನೆಡ್ತೀರಂತೆ. ಎಲ್ಲಿ ನೆಡ್ತೀರವ್ವ?"

ಅವರು ಬಿಳಿ ಕಲ್ಲು ತುಂಬಿದ ಜಾಗವನ್ನು ತೋರಿಸಿದರು. ಪಕ್ಕದಲ್ಲೇ ಪುರಸಭೆಯವರು ಮನೆಮನೆಗೆ ಹಂಚಿದ ಸಸಿ ಕಪ್ಪು ಚೀಲದಲ್ಲಿ ನಿಂತಿತ್ತು. ಐದೆಲೆಯ ಸಸಿ. ಹೊಂಗೆ.

ಹೇಳಿದೆ, ಗೊತ್ತಿದ್ದಷ್ಟನ್ನೂ ಹೇಳಿದೆ. ಅಲ್ಲಿ ಬೇಡ ತಾಯಿ, ನೆರಳು ಇಳಿದುಬಿಡುತ್ತದೆ. ನೆಡಲೇಬೇಕಾದರೆ ಬೇರೆ ಗಿಡ ನೆಡಿ, ಇಲ್ಲ ಕುಂಡದಲ್ಲಿ ನೆಡಿ. ವಿನುತಾ ಕೇಳಿಸಿಕೊಂಡು, "ಕುಂಡಕ್ಕೆ ಐದೇ ಅಂಕ ಅಜ್ಜಿ. ನೆಲಕ್ಕೆ ಹತ್ತು," ಎಂದರು.

ಅಷ್ಟರಲ್ಲಿ ಜಯದೇವಪ್ಪ ಹೊರಗೆ ಬಂದ. "ಏನಜ್ಜಿ ಹೆದರಿಸ್ತಾ ಇದೀಯ? ನಾನೂ ಇದೇ ಊರಲ್ಲಿ ಹುಟ್ಟಿದೋನು. ನೆರಳು ಬೀಳೋದು ಗೊತ್ತು. ಈ ಇಳಿಯೋದು ಏರೋದು ಎಲ್ಲ ಅಡಗೂಲಜ್ಜಿ ಕಥೆ. ನಾನಂತೂ ಕಂಡಿಲ್ಲ."

ಕಾಣುವುದು ಹೇಗೆ? ಜೀವಮಾನದಲ್ಲಿ ಒಂದಾದರೂ ನೆಟ್ಟಿದ್ದರೆ ತಾನೆ.

ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜೋರು ಮಾತು ನನಗೆ ಮೊದಲಿನಿಂದಲೂ ಆಗದು. ಅವತ್ತು ಆಗಬೇಕಿತ್ತು. "ಸ್ವಾಮಿ, ಅದೊಂದೇ ನೆಳ್ಳು ನಮ್ಗೆ ಇರೋದು," ಎಂದೆ. ಆತ, "ಮರಾನೇ ಬರುತ್ತಲ್ಲಜ್ಜಿ, ನೆರಳೇನು ಕೇಳ್ತೀಯ," ಎಂದು ಹೇಳಿ ಕಾರು ಹತ್ತಿದ. ವಿನುತಾ ಭಾನುವಾರದ ಊಟಕ್ಕೆ ನೂರೈವತ್ತು ಎಲೆ ಬೇಕು, ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಅಂಕ ಕಳೆಯುತ್ತಾರೆ, ಎಂದರು.

ಹೊರಗೆ ಬಂದು ತಿಪ್ಪಮ್ಮನಿಗೆ ಹೇಳಿದಾಗ ಅವಳು ಕಡ್ಡಿ ಬಿಸುಟು ಎದ್ದಳು. "ನಾನ್ ಹೋಗಿ ಆ ಗುಂಡೀಲಿ ಕೂತ್ಕಂತೀನಿ. ಅದ್ಯಾವನು ನೆಡ್ತಾನೆ ನೋಡೇಬಿಡ್ತೀನಿ."

"ಪೊಲೀಸ್ರನ್ನ ಕರೀತಾರೆ ಕಣೆ."

"ಕರೀಲಿ. ಠಾಣೇಲಿ ನೆಳ್ಳೈತೆ."

ಅವಳು ಹೋಗಿ ಕೂರಲಿಲ್ಲ, ನಾನು ಬಿಡಲಿಲ್ಲ. ಎರಡು ದಿನ ಕೂತು ನೂರೈವತ್ತು ಎಲೆ ಹಚ್ಚಿದೆವು. ನಮ್ಮ ನೆರಳನ್ನು ಕಳೆಯುವವರ ಊಟಕ್ಕೆ, ಆ ನೆರಳಲ್ಲೇ ಕೂತು. ಬಾಳಿನಲ್ಲಿ ಎಷ್ಟೋ ಎಲೆ ಹಚ್ಚಿದ್ದೇನೆ, ಅಷ್ಟು ಬಿಗಿಯಾಗಿ ಹಚ್ಚಿದ್ದಿಲ್ಲ. ಒಂದೊಂದು ಕಡ್ಡಿಯನ್ನೂ ಯಾರದೋ ಮೈಗೆ ಚುಚ್ಚಿದ ಹಾಗೆ ಚುಚ್ಚಿದೆ.

ಭಾನುವಾರ ಹನ್ನೊಂದಕ್ಕೆಲ್ಲ ಅಂಗಳ ತುಂಬಿತು. ಪುರಸಭೆಯ ಅಧ್ಯಕ್ಷರು, ಅಂಕ ಹಾಕಲು ಒಬ್ಬ ನಿವೃತ್ತ ಮೇಷ್ಟ್ರು, ಸಾಮಿಲ್ಲಿನ ಗಿರಾಕಿಗಳು, ನೆಂಟರು, ಎಲ್ಲ ಸೇರಿ ನೂರು ಜನ ಮೇಲೆ. ಶಾಮಿಯಾನ ಹಾಕಿಸಿರಲಿಲ್ಲ. ಯಾಕೆ ಹಾಕಿಸಬೇಕು, ಹೊಂಗೆಯ ನೆರಳಿತ್ತಲ್ಲ. ನೂರು ಜನವೂ ನಮ್ಮತ್ತೆಯ ನೆರಳಿನಲ್ಲಿ ತಣ್ಣಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬರಿಗೂ ಬೀಸಣಿಗೆ ಬೇಕಿರಲಿಲ್ಲ. ಎಂಥ ತಂಪಪ್ಪಾ ನಿಮ್ಮ ಮನೆ, ಎಂದು ಅಧ್ಯಕ್ಷರು ಜಯದೇವಪ್ಪನ ಬೆನ್ನು ತಟ್ಟಿದರು. ಆತ, "ಎಲ್ಲ ಪ್ರಕೃತಿಯ ಕೃಪೆ," ಎಂದ.

ಉದ್ದಕ್ಕೆ ಮೇಜು ಜೋಡಿಸಿ ನಮ್ಮ ಎಲೆಗಳನ್ನು ಹಾಸಿ, ಮೊದಲೇ ಪಾಯಸ, ಕೋಸಂಬರಿ, ಪಲ್ಯ ಬಡಿಸಿಟ್ಟಿದ್ದರು. ಫೋಟೊದಲ್ಲಿ ತುಂಬಿದ ಎಲೆ ಬರಲಿ ಎಂದು ಸಾರೂ ಹಾಕಿಸಿದ್ದರು. ನಾನು, ತಿಪ್ಪಮ್ಮ ಗೇಟಿನ ಹೊರಗೆ, ನಮ್ಮ ಚಾಪೆಯ ಮೇಲೆ ನಿಂತಿದ್ದೆವು.

ಸಸಿ ನೆಡುವ ಮುಂಚೆ ವಿನುತಾ ಮೈಕಿನಲ್ಲಿ, "ಭೂಮಿತಾಯಿಗೆ ಗೌರವ ತೋರಿಸೋಣ, ದಯವಿಟ್ಟು ಎಲ್ಲರೂ ಪಾದರಕ್ಷೆ ಕಳಚಿ," ಎಂದು ಕೇಳಿಕೊಂಡರು. ಚಪ್ಪಲಿ, ಬೂಟುಗಳನ್ನೆಲ್ಲ ಗೇಟಿನ ಹತ್ತಿರ ಸಾಲಾಗಿ ಬಿಡಿಸಿದರು. ನೂರು ಜನ ಬರಿಗಾಲಲ್ಲಿ ತಣ್ಣನೆಯ ಕಲ್ಲುಹಾಸಿನ ಮೇಲೆ ನಿಂತರು. ಬಿಳಿ ಕಲ್ಲು ಸರಿಸಿ, ಅಗೆದು ಸಿದ್ಧ ಮಾಡಿದ್ದ ಗುಂಡಿಯಲ್ಲಿ ಗಂಡ, ಹೆಂಡತಿ, ಮಗಳು ಮೂರು ಕಡೆಯಿಂದ ಸಸಿಯನ್ನು ಹಿಡಿದು ಇಳಿಸಿದರು. ಮಣ್ಣು ಬಿತ್ತು. ಅಧ್ಯಕ್ಷರು ತಾಮ್ರದ ಚೊಂಬು ತೆಗೆದುಕೊಂಡರು.

"ಬ್ಯಾಡ್ರಪ್ಪೋ!" ಎಂದು ಕೂಗಿದವಳು ತಿಪ್ಪಮ್ಮ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ನೀರು ಬಿತ್ತು. ಮೊದಲು ನಮ್ಮ ಕಾಲ ಬಳಿಯ ನೆರಳು ಅಲುಗಿತು. ಒದ್ದೆ ಸೀರೆಯನ್ನು ಹಗ್ಗದ ಮೇಲಿಂದ ಯಾರೋ ಒಂದು ತುದಿ ಹಿಡಿದು ಎಳೆದುಕೊಂಡ ಹಾಗೆ ರಸ್ತೆಯಿಂದ ಗೇಟಿನೊಳಕ್ಕೆ ಸರಿಯಿತು. ತಿಪ್ಪಮ್ಮ ಬಗ್ಗಿ ಕೈ ಹಾಕಿದಳು, ಹಿಡಿಯುವವಳ ಹಾಗೆ. ಹಿಂದಿನ ಸಾಲಿನ ಕುರ್ಚಿಗಳು ಬೆಳ್ಳಗಾದವು, ಆಮೇಲೆ ಮುಂದಿನ ಸಾಲು, ಆಮೇಲೆ ಮೇಜುಗಳು, ಆಮೇಲೆ ಅಧ್ಯಕ್ಷರ ಬೋಳು ತಲೆ. ಎಲ್ಲ ಕಡೆಯಿಂದ ಬಂದ ನೆರಳು ಆ ಐದೆಲೆಯ ಕೆಳಗೆ ಹೊಕ್ಕು ಅಂಗೈಯಷ್ಟಾಗಿ ನಿಂತಿತು.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಚೈತ್ರದ ನೆತ್ತಿ ಸೂರ್ಯ, ಕೆಳಗೆ ಕಲ್ಲುಹಾಸು, ಅದರ ಮೇಲೆ ಇನ್ನೂರು ಬರಿಗಾಲು. ಕಲ್ಲು ಕಾಯಲು ಎಷ್ಟು ಹೊತ್ತು ಬೇಕು? ಅಧ್ಯಕ್ಷರು ಭಾಷಣದ ಎರಡನೆಯ ಮಾತಿಗೆ ಒಂದು ಕಾಲೆತ್ತಿದರು, ಮೂರನೆಯ ಮಾತಿಗೆ ಇನ್ನೊಂದು. ಆಮೇಲೆ ಭೂಮಿತಾಯಿಯ ಮೇಲೆ ಎಲ್ಲರೂ ಕುಣಿದರು. ಸೀರೆ ಎತ್ತಿ ಹಿಡಿದು ಹೆಂಗಸರು, ಪಂಚೆ ಎತ್ತಿ ಗಂಡಸರು, ಚಪ್ಪಲಿಯ ರಾಶಿಯ ಕಡೆಗೆ ಒಬ್ಬರ ಮೇಲೊಬ್ಬರು ಬಿದ್ದರು. ಮೇಷ್ಟ್ರಿಗೆ ಸಿಕ್ಕಿದ್ದು ಎರಡೂ ಎಡಗಾಲಿನವು.

ಹೊಟ್ಟೆಗೆ ಹಾಕಿಕೊಂಡೇ ಹೋಗೋಣವೆಂದು ಕೆಲವರು ಮೇಜಿಗೆ ಬಂದರು. ನಮ್ಮ ಎಲೆಗಳು ಆಗಲೇ ಅಂಚು ಮುರುಟಿಕೊಳ್ಳುತ್ತಿದ್ದವು. ಬಿಗಿಯಾಗಿ ಹಚ್ಚಿದ್ದೆನಲ್ಲ, ಕಡ್ಡಿಗಳು ಚಟ್ ಚಟ್ ಎಂದು ಒಂದೊಂದೇ ಸಿಡಿದವು. ಸಾರು ಪಾಯಸಕ್ಕೆ ಸೇರಿತು, ಪಾಯಸ ಮೇಜಿನಿಂದಿಳಿದು ಅಧ್ಯಕ್ಷರ ಬಿಳಿ ಪಂಚೆಗೆ ಸೇರಿತು. ಎಲೆ ಕಳಪೆ ಎಂದು ಯಾರೋ ಬೈದರು. ಎಲೆಗೆ ಬಿಸಿಲು ಆಗದೆಂದು ಎಲೆಗೆ ಗೊತ್ತು, ನನಗೆ ಗೊತ್ತು.

ಬಹುಮಾನ ಅವರಿಗೇ ಬಂತು. ಮೇಷ್ಟ್ರು ಊಟಕ್ಕೆ ಮುಂಚೆಯೇ ಅಂಕ ಹಾಕಿ ಮುಗಿಸಿದ್ದರು. ಈ ಕುಟುಂಬ ಸಸಿ ನೆಟ್ಟ ಕೂಡಲೇ ಅಂಗಳದಲ್ಲಿ ಬೆಳಕು ತುಂಬಿತು, ಎಂದು ಬರೆದಿದ್ದರಂತೆ.

ಮಂಗಳವಾರ ಅವರು ಪೆಟ್ಟಿಗೆ ಕಟ್ಟಿಕೊಂಡು ಕಾಡು ನೋಡಲು ಹೊರಟರು. ಗೇಟಿಗೆ ಬೀಗ. ಕಾರು ಹೊರಡುವ ಮುಂಚೆ ನಾನು ಹೋಗಿ, "ಗಿಡಕ್ಕೆ ನೀರು?" ಎಂದು ಕೇಳಿದೆ. ವಿನುತಾ ಕಿಟಕಿಯ ಗಾಜು ಅರ್ಧ ಇಳಿಸಿ, "ನೇಟಿವ್ ಗಿಡ ಅಜ್ಜಿ, ತಾನೇ ಬದುಕ್ಕೊಳ್ಳುತ್ತೆ. ಹತ್ತೇ ದಿನ," ಎಂದು ಗಾಜು ಏರಿಸಿದರು.

ಹತ್ತೇ ದಿನ. ಆ ಬಿಸಿಲಿಗೆ ಐದೆಲೆಯ ಸಸಿಗೆ ಎರಡು ದಿನ ಹೆಚ್ಚು. ಅವರಿಗೆ ಹೋಗುವುದು ಒಂದು ಗಿಡ. ನಮಗೆ ಅದು ಸತ್ತರೆ ಹೊಂಗೆಯ ನೆರಳು, ನಮ್ಮತ್ತೆಯ ಕೈಯ ನೆರಳು, ಎಂದೆಂದಿಗೂ ಇಲ್ಲ. ಅದಿಲ್ಲದಿದ್ದರೆ ಎಲೆ ಹಚ್ಚುವುದಿಲ್ಲ. ಎಲೆ ಹಚ್ಚದೆ ನಾವಿಬ್ಬರು ಮುದುಕಿಯರು ಏನು ಮಾಡುತ್ತೇವೆ, ಆ ಕಾವಲಿಯ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು? ಮನೆಯೊಳಗೆ ಹಚ್ಚಿ ನೋಡಿದೆವು. ಒದ್ದೆ ಗೋಣಿ ಹೊದಿಸಿದರೂ ಹತ್ತರಲ್ಲಿ ಆರು ಸೀಳಿದವು. ನಮ್ಮಿಂದ ಎಲೆ ಕೊಳ್ಳುವ ಖಾನಾವಳಿಯವನು ಮುಟ್ಟಿ ನೋಡಿ ವಾಪಸು ಕೊಟ್ಟ.

ಗೇಟಿನ ಸರಳಿನ ಸಂದಿಯಲ್ಲಿ ಕೈ ಹಾಕಿದರೆ ಎರಡು ಮೊಳ. ಸಸಿ ನಾಲ್ಕು ಮೊಳ ಒಳಗೆ. ತಿಪ್ಪಮ್ಮ ಚೊಂಬಿನಿಂದ ಎರಚಿ ನೋಡಿದಳು, ನೀರು ಕಲ್ಲಿನ ಮೇಲೆ ಬಿದ್ದು ಚುಂಯ್ ಎಂದಿತು. ನಾನು ಗೇಟಿನಿಂದ ಸಸಿಯವರೆಗಿನ ದೂರವನ್ನು ಕಣ್ಣಲ್ಲೇ ಅಳೆದೆ. ಆಮೇಲೆ ಮನೆಗೆ ಹೋಗಿ ಮುತ್ತುಗದ ಎಲೆಯ ಗಂಟು ತಂದೆ.

"ಈಗ ಯಾರ ಮದ್ವೆ ಅತ್ತಿಗೆ?" ಎಂದಳು ತಿಪ್ಪಮ್ಮ.

"ಕೂತ್ಕ. ದೊನ್ನೆ ಹಚ್ಚೋ ಹಂಗೆ ಹಚ್ಚು. ಮಡಿಚಬ್ಯಾಡ, ಉದ್ದಕ್ಕೆ ಬಿಡು."

ಇಬ್ಬರೂ ಸೇರಿ ಎರಡು ಪದರ ಎಲೆಯನ್ನು ಅಂಚು ಎತ್ತಿ ಹಚ್ಚುತ್ತಾ ಹೋದೆವು, ಐದು ಮೊಳದ ದೋಣಿಯಾಯಿತು. ಕೆಳಗೆ ಎರಡು ಬಿದಿರು ದಬ್ಬೆ ಕೊಟ್ಟು ಗೇಟಿನ ಸಂದಿಯಿಂದ ಒಳಗೆ ನೂಕಿದೆವು. ತುದಿ ಸಸಿಯ ಬುಡಕ್ಕೆ ಮುಟ್ಟಿತು. ಬೀದಿ ನಲ್ಲಿಯಿಂದ ತಂದ ಕೊಡವನ್ನು ನಿಧಾನಕ್ಕೆ ಬಗ್ಗಿಸಿದೆ. ನೀರು ಎಲೆಯ ಮೇಲೆ ತೆವಳಿಕೊಂಡು, ಹೊಲಿಗೆ ಹೊಲಿಗೆಯನ್ನೂ ದಾಟಿ, ಹೋಗಿ ಮಣ್ಣಿಗೆ ಬಿತ್ತು. ತಿಪ್ಪಮ್ಮ ಗೇಟಿಗೆ ಹಣೆ ಹಚ್ಚಿ ನಿಂತಿದ್ದಳು. "ಕುಡೀತಾ ಐತೆ ಅತ್ತಿಗೆ. ಕುಡೀತಾ ಐತೆ."

ಬಿಸಿಲಿಗೆ ದೋಣಿ ಒಂದು ಹೊತ್ತಿಗೆ ಸೀಳುತ್ತಿತ್ತು. ದಿನಾ ಬೆಳಿಗ್ಗೆ ಹೊಸದು ಹಚ್ಚುತ್ತಿದ್ದೆವು. ಹಾಲಿನವನು ಸೈಕಲ್ ನಿಲ್ಲಿಸಿ ನಕ್ಕ. "ಏನಜ್ಜೀರಾ, ಸಾಹುಕಾರ್ರ ಗಿಡಕ್ಕೆ ಸಂಬಳ ಇಲ್ಲದ ಆಳುಗಳಾ?"

"ಗಿಡ ಅವ್ರದು, ನೆಳ್ಳು ನಮ್ದು ಕಣಪ್ಪಾ," ಎಂದಳು ತಿಪ್ಪಮ್ಮ. "ನಿನ್ನ ಹಾಲಿನಂಗಲ್ಲ, ಇದಕ್ಕೆ ಹಾಕೋದು ಬರೀ ನೀರೇ."

ಹತ್ತನೆಯ ದಿನ ಸಸಿಗೆ ಏಳೆಲೆ ಇದ್ದವು.

ಅವರು ಹದಿಮೂರನೆಯ ದಿನಕ್ಕೆ ಬಂದರು, ಮೈ ತುಂಬಿಕೊಂಡು, ಫೋನು ತುಂಬ ಕಾಡು ತುಂಬಿಕೊಂಡು. ವಿನುತಾ ಗಿಡ ನೋಡಿ ಕೈ ತಟ್ಟಿದರು. "ನೋಡಿದ್ರಾ, ನಾನು ಹೇಳ್ಲಿಲ್ವಾ? ಪ್ರೀತಿಯಿಂದ ನೆಟ್ಟರೆ ನೀರೂ ಬೇಡ." ಇಂಚರ ಗೇಟಿನ ಬಳಿ ಬಿದ್ದಿದ್ದ ಒಣಗಿದ ಎಲೆಯ ದೋಣಿಯನ್ನು ಎತ್ತಿಕೊಂಡು ಆ ತುದಿಯಿಂದ ಈ ತುದಿಗೆ ನೋಡಿದಳು. ಆಮೇಲೆ ಗಿಡ ನೋಡಿದಳು, ನಮ್ಮ ಕೊಡ ನೋಡಿದಳು.

"ಬಿಸಾಕು ಇಂಚರಾ, ಕಸ ಅದು," ಎಂದರು ತಾಯಿ.

ಹುಡುಗಿ ಬಿಸಾಡಲಿಲ್ಲ, ಮಡಿಚಿ ಒಳಗೆ ಒಯ್ದಳು. ಮೂರು ದಿನ ಸ್ಕೂಲಿಗೆ ಹೋಗುವ ಮುಂಚೆ ತನ್ನ ಬಾಟಲಿಯ ನೀರು ಗಿಡಕ್ಕೆ ಸುರಿದಳು. ನಾಲ್ಕನೆಯ ದಿನ ಬಸ್ಸಿಗೆ ತಡವಾಯಿತು. ಐದನೆಯ ದಿನ ನಾವು ಮತ್ತೆ ಗಂಟು ಬಿಚ್ಚಿದೆವು.

ಮುಂದಿನ ವಾರ ಬಹುಮಾನದ ಬೋರ್ಡು ಬಂತು. ಬಾಗಿಲಿನಷ್ಟು ದೊಡ್ಡ ತಗಡು, ಎರಡು ಕಬ್ಬಿಣದ ಕಾಲು. ಒಳಗೆ ನೆಟ್ಟರೆ ಹೊರಗಿನವರಿಗೆ ಕಾಣದೆಂದು ಗೇಟಿನ ಪಕ್ಕ, ರಸ್ತೆಯ ಅಂಚಿನಲ್ಲಿ, ನಮ್ಮ ಚಾಪೆ ಹಾಸುವ ಜಾಗದಲ್ಲೇ ಗಾರೆ ಹಾಕಿ ನಿಲ್ಲಿಸಿದರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ, ಕೆಳಗೆ ಮೂವರ ನಗು.

"ಏನ್ ಬರ್ದವ್ರೆ ಅತ್ತಿಗೆ?"

ಎರಡನೇ ಕ್ಲಾಸಿನ ಓದು ನನ್ನದು. ಕೂಡಿಸಿ ಕೂಡಿಸಿ ಓದಿದೆ. "ಈ ಗಿಡವನ್ನು ಸಾಕುತ್ತಿರುವವರು, ಜಯದೇವಪ್ಪ ಮತ್ತು ಕುಟುಂಬ."

ತಿಪ್ಪಮ್ಮ ಬಯ್ಯುತ್ತಾಳೆ ಎಂದುಕೊಂಡೆ. ಅವಳು ಬೋರ್ಡಿನ ಹಿಂದಕ್ಕೆ ಹೋಗಿ ನೋಡಿದಳು. ಹೊತ್ತು ವಾಲಿತ್ತು, ತಗಡಿನ ನೆರಳು ಒಂದು ಚಾಪೆಯಷ್ಟು ಬಿದ್ದಿತ್ತು. ಅವಳು ಚಾಪೆ ಹಾಸಿ, ಕೂತು, ಕಾಲು ಚಾಚಿ, ಪಕ್ಕಕ್ಕೆ ಸರಿದು ನನ್ನಷ್ಟು ಜಾಗ ಬಿಟ್ಟಳು.

"ಬಾ ಅತ್ತಿಗೆ, ಕೂತ್ಕ. ಆ ಮನೆಯೋರು ಈ ಊರಿಗೆ ಕೊಟ್ಟ ನೆಳ್ಳು ಇದೊಂದೇಯ."

ತಗಡಿನ ನೆರಳು ಹೊಂಗೆಯ ನೆರಳಲ್ಲ. ಅದಕ್ಕೆ ತಂಪಿಲ್ಲ, ಬೆನ್ನಿಗೆ ಕಾವು ಬಡಿಯುತ್ತದೆ. ಎರಡೆಲೆಗೆ ಒಂದೆಲೆ ಸೀಳುತ್ತದೆ. ಆದರೂ ಅವರ ಮೂರು ನಗುವಿನ ಹಿಂದೆ ಕೂತು ದಿನಾ ಮಧ್ಯಾಹ್ನದ ಮೇಲೆ ಎಲೆ ಹಚ್ಚುತ್ತಿದ್ದೇವೆ. ಬೋರ್ಡು ಓದಲು ನಿಂತವರು, ಆಹಾ ಎಂಥ ಕುಟುಂಬ, ಎನ್ನುತ್ತಾರೆ. ಹಿಂದಿನಿಂದ ತಿಪ್ಪಮ್ಮ, ಹೂಂ, ಎನ್ನುತ್ತಾಳೆ. ತಗಡು ಮಾತಾಡಿತೆಂದು ಒಬ್ಬ ಓಡಿಯೇ ಹೋದ.

ಸಂಜೆ ಚಾಪೆ ಸುತ್ತುವ ಮುಂಚೆ ನೀರು ಹಾಕಿ, ಬಿದಿರು ದಬ್ಬೆಯ ತುದಿಗೆ ಒಂದು ಮುತ್ತುಗದ ಎಲೆ ಸಿಕ್ಕಿಸಿ ಗೇಟಿನ ಸಂದಿಯಿಂದ ಒಳಗೆ ನೂಕಿ, ಸಸಿಯ ನೆರಳಿಗೆ ಹಿಡಿದು ನೋಡುತ್ತೇನೆ. ಮೊದಲ ದಿನ ಅರ್ಧ ಎಲೆ ಮುಚ್ಚಿತ್ತು. ನಿನ್ನೆ ಇಡೀ ಎಲೆ ಮುಚ್ಚಿ ಅಂಚಿನಾಚೆಗೂ ಒಂದು ಬೆರಳು ನೆರಳು ಮಿಕ್ಕಿತ್ತು. ತಿಪ್ಪಮ್ಮನಿಗೆ ಕೂಗಿ ಹೇಳಿದೆ.

ಒಂದು ಊಟದೆಲೆಗೆ ಏಳು ಎಲೆ ಬೇಕು. ಇನ್ನು ಆರು.